ಎಂಎಲ್‌ಎ ಆಗಿ ಗೆದ್ದವರು ಎಂಪಿ ಚುನಾವಣೆಯಲ್ಲಿ ಯಾಕೆ ಸೋಲುತ್ತಾರೆ? ಜಯಪ್ರಕಾಶ್ ಹೆಗ್ಡೆಯವರ ಮೂವತ್ತು ವರ್ಷ

ಸಾಲಿಗ್ರಾಮದವ

2024ರ ಲೋಕಸಭಾ ಚುನಾವಣೆಯ ಬಿಸಿ ಆರಿದೆ, ಅದಕ್ಕೇ ಈಗ ಕೇಳುತ್ತಿದ್ದೇನೆ. ನಮ್ಮ ಉಡುಪಿ ಕಡೆ ಎಂಎಲ್‌ಎ ಆಗಿ ಹೆಸರು ಮಾಡಿದವರು ಲೋಕಸಭೆಗೆ ನಿಂತಾಗ ಆ ಹೆಸರು ಅವರ ಕೈ ಹಿಡಿಯುತ್ತದಾ? ತುಂಬಾ ಕಡಿಮೆ ಅಂತ ನನ್ನ ಅಭಿಪ್ರಾಯ. ಇದು ನಮಗೇ ನಷ್ಟ ಅಂತಲೂ ನನಗೆ ಬಲವಾಗಿ ಅನಿಸುತ್ತದೆ.

ಜಯಪ್ರಕಾಶ್ ಹೆಗ್ಡೆಯವರನ್ನೇ ನೋಡಿ. 1994ರಲ್ಲಿ ಜನತಾ ದಳದಿಂದ ಬ್ರಹ್ಮಾವರದ ಎಂಎಲ್‌ಎ ಆದರು. ಜೆ.ಎಚ್. ಪಟೇಲರ ಸರ್ಕಾರದಲ್ಲಿ ಮಂತ್ರಿಯಾದರು. 1997ರ ಆಗಸ್ಟ್ 25ಕ್ಕೆ ಉಡುಪಿ, ಕುಂದಾಪುರ, ಕಾರ್ಕಳ ಮೂರು ತಾಲೂಕು ಸೇರಿ ಹೊಸ ಜಿಲ್ಲೆ ಆಯಿತಲ್ಲ, ಅದರ ಹಿಂದೆ ಓಡಾಡಿದವರ ಹೆಸರು ಹೇಳುವಾಗ ಇವತ್ತಿಗೂ ಜನ ಇವರ ಹೆಸರನ್ನು ಮೊದಲು ಹೇಳುತ್ತಾರೆ. ಅಲ್ಲಿಯವರೆಗೆ ಬೈಂದೂರಿನವರು ಜಿಲ್ಲಾಧಿಕಾರಿ ಕಚೇರಿ ಕೆಲಸ ಅಂದರೆ ಮಂಗಳೂರಿಗೇ ಹೋಗಬೇಕಿತ್ತು. ಒಂದು ಸಹಿಗೆ ಒಂದು ಇಡೀ ದಿನ.

1999ರಲ್ಲಿ ಜನತಾ ದಳ ಒಡೆಯಿತು. ಅವರು ಪಕ್ಷೇತರರಾಗಿ ನಿಂತರು, ಗೆದ್ದರು. 2004ರಲ್ಲಿ ಮತ್ತೆ ಪಕ್ಷೇತರರಾಗಿ ನಿಂತರು, ಮತ್ತೆ ಗೆದ್ದರು. ದೊಡ್ಡ ಪಕ್ಷದ ಚಿಹ್ನೆ ಇಲ್ಲದೆ ಎರಡು ಸಲ ಗೆಲ್ಲುವುದು ಸಣ್ಣ ಮಾತಲ್ಲ. ಆ ಎರಡು ಸಲವೂ ಬ್ರಹ್ಮಾವರದಲ್ಲಿ ಅವರ ಎದುರು ಸೋತವರು ಕೋಟ ಶ್ರೀನಿವಾಸ ಪೂಜಾರಿಯವರು.

ಆಮೇಲೆ ಕ್ಷೇತ್ರ ಪುನರ್ವಿಂಗಡಣೆ ಬಂತು. 2008ಕ್ಕೆ ಬ್ರಹ್ಮಾವರ ಎಂಬ ವಿಧಾನಸಭಾ ಕ್ಷೇತ್ರವೇ ಇಲ್ಲವಾಯಿತು. ಕಾಂಗ್ರೆಸ್ ಸೇರಿ ಕುಂದಾಪುರದಲ್ಲಿ ನಿಂತು ಹಾಲಾಡಿ ಶ್ರೀನಿವಾಸ ಶೆಟ್ಟರ ಎದುರು ಸೋತರು. 2009ರಲ್ಲಿ ಉಡುಪಿ-ಚಿಕ್ಕಮಗಳೂರಿನಿಂದ ಲೋಕಸಭೆಗೆ ನಿಂತು ಸದಾನಂದ ಗೌಡರ ಎದುರು ಸುಮಾರು 27 ಸಾವಿರ ಮತಗಳಿಂದ ಸೋತರು. 2012ರ ಉಪಚುನಾವಣೆಯಲ್ಲಿ ಸುನಿಲ್ ಕುಮಾರರ ಎದುರು ಸುಮಾರು 45 ಸಾವಿರ ಮತಗಳಿಂದ ಗೆದ್ದರು. 2014ರಲ್ಲಿ ಶೋಭಾ ಕರಂದ್ಲಾಜೆಯವರ ಎದುರು 1.81 ಲಕ್ಷ ಮತಗಳ ಸೋಲು. 2024ರಲ್ಲಿ ಅದೇ ಕೋಟ ಅವರ ಎದುರು 2.59 ಲಕ್ಷ ಮತಗಳ ಸೋಲು.

ಅಂದರೆ ಲೋಕಸಭೆಗೆ ನಾಲ್ಕು ಸಲ ನಿಂತು ಒಂದೇ ಗೆಲುವು. ಆ ಒಂದು ಗೆಲುವು ಬಂದದ್ದು ಉಪಚುನಾವಣೆಯಲ್ಲಿ. ಮುಂದಿನ ಪ್ರಧಾನಿ ಯಾರು ಎಂಬ ಪ್ರಶ್ನೆ ಇಲ್ಲದ ಒಂದೇ ಒಂದು ಚುನಾವಣೆಯಲ್ಲಿ ಜನ ಅಭ್ಯರ್ಥಿಯನ್ನು ನೋಡಿದರು. ಉಳಿದ ಮೂರರಲ್ಲಿ ಅವರ ಹೆಸರನ್ನು ಓದಿದವರೇ ಕಡಿಮೆ ಅಂತ ನನಗೆ ಅನಿಸುತ್ತದೆ. ನೀವು ಎಂತ ಹೇಳುತ್ತೀರಿ?

ಕಾರ್ಕಳ ಪೇಟೆ

ಸಾಲಿಗ್ರಾಮದಣ್ಣ, ಲೆಕ್ಕ ಸರಿ ಉಂಟು, ಆದರೆ 2012ರ ಬಗ್ಗೆ ಹೇಳಿದ್ದು ನಾನು ಒಪ್ಪುವುದಿಲ್ಲ. ಆ ವರ್ಷ ಏನೇನು ಆಯಿತು ಅಂತ ಸ್ವಲ್ಪ ನೆನಪು ಮಾಡಿಕೊಳ್ಳಿ. 2011ರ ಆಗಸ್ಟ್‌ನಲ್ಲಿ ಸದಾನಂದ ಗೌಡರು ಮುಖ್ಯಮಂತ್ರಿಯಾದರು, ಎಂಪಿ ಸ್ಥಾನ ಬಿಟ್ಟರು, ಹಾಗಾಗಿ ಇಲ್ಲಿ ಉಪಚುನಾವಣೆ ಬಂತು. ರಾಜ್ಯ ಬಿಜೆಪಿಯಲ್ಲಿ ಯಡಿಯೂರಪ್ಪನವರ ಬಣ ಮತ್ತು ಸದಾನಂದ ಗೌಡರ ನಡುವೆ ಜಗಳ ಜೋರಾಗಿತ್ತು. 2012ರ ಫೆಬ್ರವರಿಯಲ್ಲಿ ಸದನದೊಳಗೆ ಅಶ್ಲೀಲ ವಿಡಿಯೊ ನೋಡಿದ ಪ್ರಕರಣದಲ್ಲಿ ಮೂವರು ಮಂತ್ರಿಗಳು ರಾಜೀನಾಮೆ ಕೊಟ್ಟರು. ಅದೇ ತಿಂಗಳು 14ಕ್ಕೆ ವಿ.ಎಸ್. ಆಚಾರ್ಯರು ತೀರಿಕೊಂಡರು. ಉಡುಪಿಯಲ್ಲಿ ಆ ಪಕ್ಷವನ್ನು ಕಟ್ಟಿದ ಹಿರಿಯರು ಅವರು, ಚುನಾವಣೆ ಹೊತ್ತಿಗೆ ಎಲ್ಲರನ್ನೂ ಒಂದು ಕಡೆ ಕೂರಿಸಿ ಮಾತಾಡುವ ಶಕ್ತಿ ಇದ್ದವರು. ಮಾರ್ಚ್‌ನಲ್ಲಿ ಮತದಾನ. ಹೀಗಿರುವಾಗ ಅದು ಹೆಗ್ಡೆಯವರ ಹೆಸರಿಗೆ ಬಿದ್ದ ಮತ ಮಾತ್ರ ಅಂತ ಹೇಳುವುದು ಹೇಗೆ? ರಾಜ್ಯ ಸರ್ಕಾರದ ಮೇಲಿನ ಸಿಟ್ಟೂ ಅದರಲ್ಲಿ ಇತ್ತು.

ನನ್ನ ಪ್ರಕಾರ ಅವರ ಸ್ವಂತ ಮತ ಕಾಣುವುದು 2009ರ ಸೋಲಿನಲ್ಲಿ. ಕರಾವಳಿಯಲ್ಲಿ ಬಿಜೆಪಿ ಗಟ್ಟಿಯಾಗಿದ್ದ ವರ್ಷ, ರಾಜ್ಯದಲ್ಲಿ ಅವರದೇ ಸರ್ಕಾರ, ಎದುರಿಗೆ ನಿಂತವರು ಪಕ್ಷದ ರಾಜ್ಯಾಧ್ಯಕ್ಷರು. ಆದರೂ 27 ಸಾವಿರಕ್ಕೆ ತಂದು ನಿಲ್ಲಿಸಿದರಲ್ಲ.

ಸುನಿಲ್ ಕುಮಾರರ ಕಥೆಯನ್ನೂ ಸೇರಿಸಿ. 2004ರಲ್ಲಿ ಕಾರ್ಕಳದ ಎಂಎಲ್‌ಎ, 2008ರಲ್ಲಿ ಗೋಪಾಲ ಭಂಡಾರಿಯವರ ಎದುರು ಸೋಲು, 2012ರಲ್ಲಿ ಲೋಕಸಭೆ ಉಪಚುನಾವಣೆಯಲ್ಲೂ ಸೋಲು. ಮುಗಿಯಿತು ಅಂತ ಊರಲ್ಲಿ ಮಾತಾಡಿದವರು ಇದ್ದರು. 2013, 2018, 2023 ಮೂರು ಸಲವೂ ಕಾರ್ಕಳ ಅವರಿಗೇ ಬಂತು, ನಡುವೆ ಮಂತ್ರಿಯೂ ಆದರು. ಎಂಪಿ ಚುನಾವಣೆ ಸೋತವರು ಮನೆಗೆ ಹೋಗುತ್ತಾರೆ ಅಂತ ಏನಿಲ್ಲ.

ಪುತ್ತೂರ್ದ ಮಗೆ

ನಮ್ಮ ಪುತ್ತೂರನ್ನು ಬಿಟ್ಟು ಈ ವಿಷಯ ಮಾತಾಡಲು ಆಗುವುದಿಲ್ಲ ಮಾರಾಯ್ರೆ. ಇಲ್ಲಿ ಎಂಎಲ್‌ಎ ಆದ ಇಬ್ಬರು ಎಂಪಿ ಆಗಿದ್ದಾರೆ. ಇಬ್ಬರೂ ಬೇರೆ ಬೇರೆ ದಾರಿಯಲ್ಲಿ ಹೋದವರು.

ವಿನಯ ಕುಮಾರ್ ಸೊರಕೆ 1985 ಮತ್ತು 1989ರಲ್ಲಿ ಪುತ್ತೂರಿನ ಎಂಎಲ್‌ಎ. 1999ರಲ್ಲಿ ಉಡುಪಿಯಿಂದ ಲೋಕಸಭೆಗೆ ಹೋದರು. 2004ರಲ್ಲಿ ಮನೋರಮಾ ಮಧ್ವರಾಜರ ಎದುರು ಸೋತರು. ಅಲ್ಲಿಗೆ ನಿಲ್ಲಿಸಲಿಲ್ಲ, 2013ರಲ್ಲಿ ಕಾಪುವಿನಿಂದ ವಿಧಾನಸಭೆಗೆ ವಾಪಸ್ ಬಂದು ನಗರಾಭಿವೃದ್ಧಿ ಮಂತ್ರಿಯಾದರು. ದಿಲ್ಲಿ ನೋಡಿ ಬಂದವರು ಮತ್ತೆ ಎಂಎಲ್‌ಎ ಆಗುವುದನ್ನು ಕೆಲವರು ಕೆಳಗೆ ಇಳಿದ ಹಾಗೆ ನೋಡುತ್ತಾರೆ. ನನಗೆ ಹಾಗೆ ಅನಿಸುವುದಿಲ್ಲ. ಎರಡೂ ಕಡೆ ಕೆಲಸ ಹೇಗೆ ನಡೆಯುತ್ತದೆ ಅಂತ ತಿಳಿದವರು ಊರಿಗೆ ಬೇಕು.

ಸದಾನಂದ ಗೌಡರು 1994 ಮತ್ತು 1999ರಲ್ಲಿ ಪುತ್ತೂರಿನ ಎಂಎಲ್‌ಎ. 2004ರಲ್ಲಿ ಮಂಗಳೂರಿನಿಂದ ಎಂಪಿ. 2009ರಲ್ಲಿ ಉಡುಪಿ-ಚಿಕ್ಕಮಗಳೂರು. 2011ರಲ್ಲಿ ಮುಖ್ಯಮಂತ್ರಿ, ಅದಕ್ಕಾಗಿ ಎಂಎಲ್‌ಸಿ. ಒಂದು ವರ್ಷ ತುಂಬುವ ಮೊದಲೇ ಜಗದೀಶ ಶೆಟ್ಟರ್ ಬಂದರು. 2014ರಲ್ಲಿ ಬೆಂಗಳೂರು ಉತ್ತರದಿಂದ ಎಂಪಿಯಾಗಿ ರೈಲ್ವೆ ಮಂತ್ರಿಯಾದರು. ಮೂರು ಬೇರೆ ಬೇರೆ ಲೋಕಸಭಾ ಕ್ಷೇತ್ರ! ಇಷ್ಟು ಕ್ಷೇತ್ರ ಬದಲಾಯಿಸಿ ಗೆಲ್ಲಬೇಕಾದರೆ ಊರಿನ ಮತ ಸಾಲುವುದಿಲ್ಲ, ಪಕ್ಷದ ಮತ ಬೇಕು. ಸಾಲಿಗ್ರಾಮದವರು ಹೇಳಿದ್ದು ಇಲ್ಲಿ ಸರಿ ಬರುತ್ತದೆ.

ಅದಕ್ಕಿಂತ ದೊಡ್ಡ ಉದಾಹರಣೆ ವೀರಪ್ಪ ಮೊಯಿಲಿಯವರು. 1972ರಿಂದ ಕಾರ್ಕಳದಲ್ಲಿ ಆರು ಸಲ ಗೆದ್ದವರು, 1992ರಿಂದ 1994ರವರೆಗೆ ಮುಖ್ಯಮಂತ್ರಿ. 2004ರಲ್ಲಿ ಮಂಗಳೂರಿನಲ್ಲಿ ಲೋಕಸಭೆಗೆ ನಿಂತು ಸದಾನಂದ ಗೌಡರ ಎದುರು ಸೋತರು. ಕೊನೆಗೆ 2009ರಲ್ಲಿ ಅವರನ್ನು ದಿಲ್ಲಿಗೆ ಕಳುಹಿಸಿದ್ದು ಚಿಕ್ಕಬಳ್ಳಾಪುರ. ಆರು ಸಲ ಗೆಲ್ಲಿಸಿದ ಕರಾವಳಿ ಒಂದು ಸಲವೂ ಎಂಪಿ ಮಾಡಲಿಲ್ಲ.

ಮಲ್ಪೆ ಬಂದರು

ಹಳೆಯದೆಲ್ಲ ಸರಿ. ಹತ್ತಿರದ ಲೆಕ್ಕ ಹೇಳುತ್ತೇನೆ, ನೋಡಿ.

ಉಡುಪಿ-ಚಿಕ್ಕಮಗಳೂರು ಲೋಕಸಭಾ ಕ್ಷೇತ್ರದಲ್ಲಿ ಎಂಟು ವಿಧಾನಸಭಾ ಕ್ಷೇತ್ರ. ಕುಂದಾಪುರ, ಉಡುಪಿ, ಕಾಪು, ಕಾರ್ಕಳ, ಶೃಂಗೇರಿ, ಮೂಡಿಗೆರೆ, ಚಿಕ್ಕಮಗಳೂರು, ತರೀಕೆರೆ. 2023ರ ಮೇ ತಿಂಗಳಲ್ಲಿ ಘಟ್ಟದ ಕೆಳಗಿನ ನಾಲ್ಕೂ ಬಿಜೆಪಿಗೆ, ಘಟ್ಟದ ಮೇಲಿನ ನಾಲ್ಕೂ ಕಾಂಗ್ರೆಸ್‌ಗೆ. ಸರಿ ಸಮ. ಹನ್ನೊಂದು ತಿಂಗಳು ಕಳೆದು ಲೋಕಸಭೆಗೆ ಅದೇ ಜನ, ಅದೇ ಬೂತು, ಅಂತರ ಎರಡೂವರೆ ಲಕ್ಷಕ್ಕಿಂತ ಜಾಸ್ತಿ.

ಜನರಿಗೆ ಎರಡು ಚುನಾವಣೆ ಬೇರೆ ಬೇರೆ ಅಂತ ಚೆನ್ನಾಗಿ ಗೊತ್ತು. ಮೋಸ ಹೋಗಿ ಹೀಗೆ ಮತ ಹಾಕುವುದಲ್ಲ. ಎಂಎಲ್‌ಎ ಅಂದರೆ ನಮ್ಮ ರಸ್ತೆ, ನಮ್ಮ ನೀರು. ಎಂಪಿ ಅಂದರೆ ದೇಶ.

ಕೊಪ್ಪದಿಂದ ಮಣಿಪಾಲಕ್ಕೆ

ಮಲ್ಪೆಯವರು ಘಟ್ಟದ ಮೇಲಿನವರ ಹೆಸರು ತೆಗೆದರು, ಹಾಗಾಗಿ ನಾನು ಬರೆಯಲೇಬೇಕು. ನಾನು ಕೊಪ್ಪದವಳು, ಕೆಲಸ ಮಣಿಪಾಲದಲ್ಲಿ.

ಈ ಕ್ಷೇತ್ರ ಆದ ಮೇಲೆ ಎಂಪಿ ಆದವರ ಊರು ನೋಡಿ. ಸದಾನಂದ ಗೌಡರು ಸುಳ್ಯ ಕಡೆಯವರು. ಹೆಗ್ಡೆಯವರು ಬ್ರಹ್ಮಾವರ. ಶೋಭಾ ಅವರು ಪುತ್ತೂರು ಕಡೆ. ಕೋಟ ಅವರ ಊರು ಹೆಸರಲ್ಲೇ ಉಂಟು. ಚಿಕ್ಕಮಗಳೂರು ಜಿಲ್ಲೆಯವರು ಒಬ್ಬರೂ ಇಲ್ಲ. ಪ್ರಚಾರಕ್ಕೆ ಆಗುಂಬೆ ಘಾಟಿ ಹತ್ತಿ ಬರುತ್ತಾರೆ, ಗೆದ್ದ ಮೇಲೆ ಉಡುಪಿಯಲ್ಲಿ ಸಿಗುತ್ತಾರೆ. ನಮ್ಮ ಕಡೆಯ ವಿಷಯಗಳು ಬೇರೆ. ಅಡಿಕೆಗೆ ಹಳದಿ ಎಲೆ ರೋಗ, ಎಲೆಚುಕ್ಕಿ ರೋಗ. ಮೂಡಿಗೆರೆ ಕಡೆ ಆನೆ. ಪಶ್ಚಿಮ ಘಟ್ಟದ ರಕ್ಷಣೆ ಬಗ್ಗೆ ಕಸ್ತೂರಿರಂಗನ್ ವರದಿ ಬಂದ ಮೇಲೆ ಮನೆ, ತೋಟ ಏನಾಗುತ್ತದೋ ಎಂಬ ಭಯ. ಇದರಲ್ಲಿ ಮುಕ್ಕಾಲು ಪಾಲು ದಿಲ್ಲಿಯಲ್ಲಿ ತೀರ್ಮಾನ ಆಗುವಂಥದ್ದು. ಅಡಿಕೆ ಆಮದು ಸುಂಕ ದಿಲ್ಲಿಯದು, ಪರಿಸರ ಸೂಕ್ಷ್ಮ ಪ್ರದೇಶದ ಅಧಿಸೂಚನೆ ದಿಲ್ಲಿಯದು.

ಹಾಗಾಗಿ "ಬ್ರಹ್ಮಾವರದಲ್ಲಿ ಒಳ್ಳೆ ಕೆಲಸ ಮಾಡಿದ್ದಾರೆ" ಅಂತ ಹೇಳಿದರೆ ತರೀಕೆರೆಯ ರೈತರಿಗೆ ಅದು ಏನು ಹೇಳುತ್ತದೆ? ಅವರು ಬ್ರಹ್ಮಾವರ ನೋಡಿಯೇ ಇಲ್ಲ. ಎಂಎಲ್‌ಎ ಹೆಸರು ಒಂದು ಕ್ಷೇತ್ರದ್ದು. ಎಂಪಿಗೆ ಎಂಟು ಕ್ಷೇತ್ರ ಬೇಕು. ಉಳಿದ ಏಳರಲ್ಲಿ ಅವರ ಗುರುತು ಪಕ್ಷದ ಚಿಹ್ನೆ ಮಾತ್ರ.

ಸಾಲಿಗ್ರಾಮದವ

ಕೊಪ್ಪದ ಅಕ್ಕ ಹೇಳಿದ್ದು ತುಂಬಾ ಮುಖ್ಯ. ಎಂಟರಲ್ಲಿ ಒಂದು ಎಂಬ ಲೆಕ್ಕವನ್ನು ನಾವು ಕರಾವಳಿಯವರು ಯೋಚಿಸುವುದಿಲ್ಲ. ಹೆಗ್ಡೆಯವರಿಗೆ ಆ ಒಂದೂ ಉಳಿದಿರಲಿಲ್ಲ ಎನ್ನುವುದನ್ನು ಇದಕ್ಕೆ ಸೇರಿಸಿ ನೋಡಿ. ಬ್ರಹ್ಮಾವರ ಕ್ಷೇತ್ರ ಒಡೆದು ಒಂದಷ್ಟು ಕುಂದಾಪುರಕ್ಕೆ, ಒಂದಷ್ಟು ಉಡುಪಿಗೆ ಹೋಯಿತು. ಹದಿನಾಲ್ಕು ವರ್ಷ ಕಟ್ಟಿದ ಸಂಪರ್ಕ ಎರಡು ಕಡೆ ಹಂಚಿಹೋಯಿತು.

ಜನ ವ್ಯಕ್ತಿ ನೋಡಿ ಮತ ಹಾಕುವುದಿಲ್ಲ ಅಂತ ನಾನು ಹೇಳುವುದಿಲ್ಲ. ಇದೇ ಕುಂದಾಪುರದವರು 2013ರಲ್ಲಿ ಹಾಲಾಡಿ ಶ್ರೀನಿವಾಸ ಶೆಟ್ಟರು ಪಕ್ಷ ಬಿಟ್ಟು ಪಕ್ಷೇತರರಾಗಿ ನಿಂತಾಗ ಗೆಲ್ಲಿಸಿದರು. ನಮ್ಮ ಕಡೆ ಪಕ್ಷೇತರರು ಗೆಲ್ಲುವುದು ಹೊಸದಲ್ಲ. ಆದರೆ ಅದು ವಿಧಾನಸಭೆಗೆ ಮಾತ್ರ.

ಸಂತೆಕಟ್ಟೆ ಸುಮ

ನಾನು ಒಂದು ಅವಧಿ ಗ್ರಾಮ ಪಂಚಾಯತ್ ಸದಸ್ಯೆಯಾಗಿದ್ದೆ. ಇಷ್ಟೊತ್ತು ಎಲ್ಲರೂ ಸೋತವರ ಬಗ್ಗೆಯೇ ಮಾತಾಡಿದಿರಿ. ಗೆದ್ದವರ ಬಗ್ಗೆ ಒಂದು ಮಾತು ಹೇಳುತ್ತೇನೆ. ಕೋಟ ಶ್ರೀನಿವಾಸ ಪೂಜಾರಿಯವರು ಅಲೆಯಲ್ಲಿ ತೇಲಿ ಬಂದರು ಅನ್ನುವ ಹಾಗೆ ಬರೆಯುವುದು ನ್ಯಾಯ ಅಲ್ಲ.

ಅವರು ಶುರು ಮಾಡಿದ್ದು ಕೋಟ ಗ್ರಾಮ ಪಂಚಾಯತ್‌ನಿಂದ. ಫೋಟೊ ಸ್ಟುಡಿಯೊ ಇಟ್ಟುಕೊಂಡಿದ್ದವರು. ವಿಧಾನಸಭೆಗೆ ನಿಂತು ಸೋತರು. ಆಮೇಲೆ ಸ್ಥಳೀಯ ಸಂಸ್ಥೆಗಳ ಕ್ಷೇತ್ರದಿಂದ ಮೇಲ್ಮನೆಗೆ ಹೋದರು. ಆ ಚುನಾವಣೆಯಲ್ಲಿ ಮತ ಹಾಕುವವರು ನನ್ನಂಥವರು, ಪಂಚಾಯತ್ ಸದಸ್ಯರು, ಪುರಸಭೆ ಸದಸ್ಯರು. ದಕ್ಷಿಣ ಕನ್ನಡ, ಉಡುಪಿ ಎರಡೂ ಜಿಲ್ಲೆ ಸುತ್ತಬೇಕು. ಒಂದು ಊರಿನ ಎಂಎಲ್‌ಎಗೆ ತನ್ನ ಕ್ಷೇತ್ರ ಗೊತ್ತಿದ್ದರೆ ಸಾಕು. ಈ ಎಂಎಲ್‌ಸಿಗೆ ಸಂಪಾಜೆಯಿಂದ ಶಿರೂರಿನವರೆಗೆ ಪಂಚಾಯತ್ ಕಟ್ಟೆ ಗೊತ್ತಿರಬೇಕು. ಮುಜರಾಯಿ, ಸಮಾಜ ಕಲ್ಯಾಣ ಖಾತೆ ನೋಡಿದರು. ಮೇಲ್ಮನೆಯಲ್ಲಿ ಎರಡು ಸಲ ವಿರೋಧ ಪಕ್ಷದ ನಾಯಕರಾದರು. ಒಂದೂವರೆ ದಶಕದ ಕೆಲಸ ಅದು. 1999, 2004ರಲ್ಲಿ ಸೋತವರು 2024ರಲ್ಲಿ ಗೆದ್ದದ್ದಕ್ಕೆ ಪಕ್ಷ ಒಂದು ಕಾರಣ, ಈ ಓಡಾಟವೂ ಒಂದು ಕಾರಣ.

2024ರ ಚುನಾವಣೆಗೆ ಮೊದಲು "ಗೋ ಬ್ಯಾಕ್ ಶೋಭಾ" ಅಂತ ಅವರ ಪಕ್ಷದೊಳಗೇ ಕೂಗು ಎದ್ದದ್ದು ನೆನಪುಂಟಲ್ಲ? 2019ರಲ್ಲಿ ಸುಮಾರು ಮೂರೂವರೆ ಲಕ್ಷ ಮತಗಳಿಂದ ಗೆದ್ದ ಎಂಪಿಯ ವಿರುದ್ಧ! ಪಕ್ಷದ ಮತವೇ ಎಲ್ಲವೂ ಆಗಿದ್ದರೆ ಅಭ್ಯರ್ಥಿ ಬದಲಾಯಿಸುವ ಅಗತ್ಯ ಏನಿತ್ತು? ಊರಲ್ಲಿ ಸಿಗುವವರು ಬೇಕು ಅಂತ ಕಾರ್ಯಕರ್ತರೇ ಕೇಳಿದರು. ಶೋಭಾ ಅವರು ಬೆಂಗಳೂರು ಉತ್ತರಕ್ಕೆ ಹೋದರು, ಅಲ್ಲಿ ಗೆದ್ದರು. ಇಲ್ಲಿ ಕೋಟ ಬಂದರು.

ಬಂಟ್ಸ್ ಹಾಸ್ಟೆಲ್ ಸರ್ಕಲ್

ಇಷ್ಟು ಬರೆದವರು ಯಾರೂ ಜಾತಿ ಮಾತೇ ಎತ್ತಲಿಲ್ಲ. ಕರಾವಳಿಯಲ್ಲಿ ಅದನ್ನು ಬಿಟ್ಟು ಟಿಕೆಟ್ ಹಂಚುವುದಿಲ್ಲ ಅಂತ ಎಲ್ಲರಿಗೂ ಗೊತ್ತು.

ಮಲ್ಪೆ ಬಂದರು

ಎತ್ತೋಣ. ಆದರೆ 2024ರಲ್ಲಿ ಅದು ಏನು ತೋರಿಸಿತು ಅಂತ ನೋಡಿ. ಉಡುಪಿ-ಚಿಕ್ಕಮಗಳೂರಿನಲ್ಲಿ ಕಾಂಗ್ರೆಸ್ ಬಂಟ ಅಭ್ಯರ್ಥಿ ಹಾಕಿತು, ಬಿಜೆಪಿ ಬಿಲ್ಲವ ಅಭ್ಯರ್ಥಿ. ದಕ್ಷಿಣ ಕನ್ನಡದಲ್ಲಿ ಪೂರ್ತಿ ತಿರುಗಿಸಿ: ಕಾಂಗ್ರೆಸ್‌ನಿಂದ ಬಿಲ್ಲವರಾದ ಪದ್ಮರಾಜ್, ಬಿಜೆಪಿಯಿಂದ ಬಂಟರಾದ ಬ್ರಿಜೇಶ್ ಚೌಟ. ಎರಡೂ ಕಡೆ ಬಿಜೆಪಿಯೇ ಗೆದ್ದಿತು. ಟಿಕೆಟ್ ಹಂಚುವಾಗ ಜಾತಿ ಲೆಕ್ಕ ಹಾಕುತ್ತಾರೆ, ಸರಿ. ಆದರೆ ಫಲಿತಾಂಶವನ್ನು ಅದೊಂದೇ ತೀರ್ಮಾನಿಸಿದ್ದರೆ ಎರಡು ಕಡೆ ಎರಡು ಉತ್ತರ ಬರಬೇಕಿತ್ತು ಅಲ್ವಾ?

ಕೋರ್ಟ್ ರಸ್ತೆ ವಕೀಲ

ಚರ್ಚೆ ಚೆನ್ನಾಗಿ ನಡೆಯುತ್ತಿದೆ. ಕಾನೂನಿನ ಕಡೆಯಿಂದ ಒಂದೆರಡು ವಿಷಯ ಸೇರಿಸುತ್ತೇನೆ, ಯಾಕೆಂದರೆ ಇದರಲ್ಲಿ ತಪ್ಪು ತಿಳಿವಳಿಕೆ ಜಾಸ್ತಿ ಉಂಟು.

ಎಂಎಲ್‌ಎ ಅಥವಾ ಎಂಎಲ್‌ಸಿ ಲೋಕಸಭೆಗೆ ನಿಲ್ಲಲು ಮೊದಲೇ ರಾಜೀನಾಮೆ ಕೊಡಬೇಕಾಗಿಲ್ಲ. ಸೋತರೆ ಇದ್ದ ಸ್ಥಾನ ಹಾಗೇ ಇರುತ್ತದೆ. ಗೆದ್ದರೆ ಮಾತ್ರ ಎರಡರಲ್ಲಿ ಒಂದು ಬಿಡಬೇಕು. ಸಂವಿಧಾನದ 101ನೇ ವಿಧಿಯಲ್ಲಿ ಇದು ಉಂಟು, ಅದರ ಅಡಿಯಲ್ಲಿ 1950ರ ನಿಯಮ. ಗೆಜೆಟ್‌ನಲ್ಲಿ ಪ್ರಕಟವಾಗಿ 14 ದಿನದೊಳಗೆ ರಾಜ್ಯದ ಸ್ಥಾನ ಬಿಡದಿದ್ದರೆ ಹೋಗುವುದು ಸಂಸತ್ತಿನ ಸ್ಥಾನ. ಇದು ತುಂಬಾ ಜನರಿಗೆ ಗೊತ್ತಿಲ್ಲ. ರಾಜ್ಯದ ಸ್ಥಾನ ತನ್ನಿಂದ ತಾನೇ ಹೋಗುತ್ತದೆ ಅಂತ ತಿಳಿದವರೇ ಜಾಸ್ತಿ.

ಖಾಲಿಯಾದ ಸ್ಥಾನಕ್ಕೆ ಆರು ತಿಂಗಳೊಳಗೆ ಉಪಚುನಾವಣೆ ಆಗಬೇಕು. ಉಳಿದ ಅವಧಿ ಒಂದು ವರ್ಷಕ್ಕಿಂತ ಕಡಿಮೆ ಇದ್ದರೆ ಬೇಡ. ಕೋಟ ಅವರು ಎಂಪಿ ಆದ ಮೇಲೆ ಅವರ ಮೇಲ್ಮನೆ ಸ್ಥಾನಕ್ಕೆ 2024ರ ಅಕ್ಟೋಬರ್‌ನಲ್ಲಿ ಚುನಾವಣೆ ಆಗಿ ಕಿಶೋರ್ ಕುಮಾರ್ ಪುತ್ತೂರು ಗೆದ್ದರು. ಅಂದರೆ ಒಬ್ಬರು ಮೇಲೆ ಹೋದರೆ ಕೆಳಗೆ ಇನ್ನೊಂದು ಚುನಾವಣೆ, ಅಷ್ಟು ದಿನ ನೀತಿ ಸಂಹಿತೆ, ಅಷ್ಟು ದಿನ ಹೊಸ ಕೆಲಸ ಇಲ್ಲ. ಮೇಲ್ಮನೆ ಆದ್ದರಿಂದ ಸಾಮಾನ್ಯ ಮತದಾರರು ಸರತಿಯಲ್ಲಿ ನಿಲ್ಲಬೇಕಾಗಲಿಲ್ಲ. ಎಂಎಲ್‌ಎ ಆಗಿದ್ದರೆ ಇಡೀ ಕ್ಷೇತ್ರ ಮತ್ತೆ ಮತ ಹಾಕಬೇಕಿತ್ತು. ಪಕ್ಷಗಳು ಎಂಎಲ್‌ಎಗಳನ್ನು ಲೋಕಸಭೆಗೆ ನಿಲ್ಲಿಸಲು ಹಿಂಜರಿಯುವುದಕ್ಕೆ ಇದೂ ಕಾರಣ. ಹಾಲಿ ಎಂಎಲ್‌ಎಗಿಂತ ಸೋತ ಎಂಎಲ್‌ಎ, ಮಾಜಿ ಮಂತ್ರಿ, ಎಂಎಲ್‌ಸಿ ಇವರಿಗೇ ಟಿಕೆಟ್ ಜಾಸ್ತಿ. ಪ್ರಮೋದ್ ಮಧ್ವರಾಜ್ 2018ರಲ್ಲಿ ಉಡುಪಿಯಲ್ಲಿ ಸೋತು 2019ರಲ್ಲಿ ಲೋಕಸಭೆಗೆ ನಿಂತದ್ದನ್ನು ನೋಡಿ. ಕಾಂಗ್ರೆಸ್‌ನವರಾದರೂ ಜೆಡಿಎಸ್ ಜೊತೆ ಮೈತ್ರಿ ಇದ್ದ ಕಾರಣ ಜೆಡಿಎಸ್ ಚಿಹ್ನೆಯಲ್ಲಿ ನಿಲ್ಲಬೇಕಾಯಿತು, ಉಡುಪಿಯಲ್ಲಿ ಆ ಚಿಹ್ನೆ ಹುಡುಕಿ ಒತ್ತುವವರು ಎಷ್ಟು ಜನ?

ಖರ್ಚಿನ ಮಿತಿಯನ್ನೂ ನೋಡಿ. ವಿಧಾನಸಭೆಗೆ 40 ಲಕ್ಷ, ಲೋಕಸಭೆಗೆ 95 ಲಕ್ಷ. ಕ್ಷೇತ್ರ ಎಂಟು ಪಟ್ಟು ದೊಡ್ಡದು, ಮಿತಿ ಎರಡೂವರೆ ಪಟ್ಟೂ ಇಲ್ಲ. ಸ್ವಂತ ಶಕ್ತಿಯಲ್ಲಿ ಎಂಟು ಕ್ಷೇತ್ರ ಮುಟ್ಟಲು ಅಭ್ಯರ್ಥಿಗೆ ದಾರಿಯೇ ಇಲ್ಲ. ಪಕ್ಷದ ಬೂತ್ ಕಾರ್ಯಕರ್ತರೇ ಮುಟ್ಟಬೇಕು. ಬ್ರಹ್ಮಾವರದಲ್ಲಿ ಪಕ್ಷೇತರರಾಗಿ ಗೆದ್ದ ದಾರಿ ಲೋಕಸಭೆಯಲ್ಲಿ ನಡೆಯದಿರಲು ಇದು ಸಾಕು ಅಂತ ನನ್ನ ಅಭಿಪ್ರಾಯ.

ಸುರತ್ಕಲ್ ಸಿಎ

ವಕೀಲರ ಲೆಕ್ಕಕ್ಕೆ ನನ್ನದೊಂದು. ಕರ್ನಾಟಕದಲ್ಲಿ ಎಂಎಲ್‌ಎಗೆ ಪ್ರದೇಶಾಭಿವೃದ್ಧಿ ನಿಧಿ ವರ್ಷಕ್ಕೆ 2 ಕೋಟಿ. ಎಂಪಿಗೆ 5 ಕೋಟಿ. ಕೇಳುವಾಗ ಎಂಪಿಯದು ದೊಡ್ಡದು. ಎಂಟರಿಂದ ಭಾಗಿಸಿ. ಒಂದು ವಿಧಾನಸಭಾ ಕ್ಷೇತ್ರಕ್ಕೆ 62.5 ಲಕ್ಷ. ಎಂಎಲ್‌ಎ ಕೈಯಲ್ಲಿ ಇದ್ದದ್ದರ ಮೂರನೇ ಒಂದು ಪಾಲಿಗಿಂತಲೂ ಕಡಿಮೆ. ಕೊರೊನಾ ಬಂದಾಗ ಎಂಪಿ ನಿಧಿಯನ್ನೇ ಕೆಲವು ಕಾಲ ನಿಲ್ಲಿಸಿದ್ದರು.

ಆದರೆ ಜನ ಎಂಪಿ ಹತ್ತಿರ ಹೋಗಿ ಕೇಳುವುದು ಬಸ್ ತಂಗುದಾಣ, ಹೈಮಾಸ್ಟ್ ದೀಪ, ದೈವಸ್ಥಾನಕ್ಕೆ ಹೋಗುವ ಕಾಂಕ್ರೀಟ್ ರಸ್ತೆ. ಎಂಎಲ್‌ಎ ಆಗಿ ಇದನ್ನೆಲ್ಲ ಮಾಡಿ ಹೆಸರು ತೆಗೆದವರು ಎಂಪಿ ಆದ ಮೇಲೆ ಅದೇ ರೀತಿ ಹೆಸರು ತೆಗೆಯಲು ನೋಡಿದರೆ ಆಗುವುದಿಲ್ಲ. ಹಣವೇ ಇಲ್ಲ. ಎಂಪಿಯ ಕೆಲಸ ಹೆದ್ದಾರಿ, ರೈಲು, ಬಂದರು, ವಿಮಾನ ನಿಲ್ದಾಣ. ಪಂಪ್‌ವೆಲ್ ಮೇಲ್ಸೇತುವೆಗೆ ಹತ್ತು ವರ್ಷ ಹಿಡಿದು 2020ರ ಜನವರಿಯಲ್ಲಿ ತೆರೆಯಿತು. ಸುರತ್ಕಲ್ ಟೋಲ್ ತೆಗೆಯಿಸಲು ನಾವು ಎಷ್ಟು ಹೋರಾಟ ಮಾಡಿದೆವು, 2022ರ ಡಿಸೆಂಬರ್ ಬರಬೇಕಾಯಿತು. ಮಂಗಳೂರಿನ ರೈಲು ನೋಡಿ. ಒಂದು ಕಡೆ ಪಾಲಕ್ಕಾಡ್ ವಿಭಾಗ, ಇನ್ನೊಂದು ಕಡೆ ಮೈಸೂರು ವಿಭಾಗ, ತೋಕೂರಿನಿಂದ ಆಚೆ ಕೊಂಕಣ ರೈಲ್ವೆ. ಒಂದು ಹೊಸ ರೈಲು ಬೇಕಾದರೆ ಮೂರು ಕಡೆ ಮಾತಾಡಬೇಕು. ಇದನ್ನು ಬಿಡಿಸಲು ಹಟ ಹಿಡಿದು ಕೂರುವ ಎಂಪಿ ಬೇಕು. ಎಂಎಲ್‌ಎ ಆಗಿ ಕಚೇರಿಯಿಂದ ಕಚೇರಿಗೆ ಕಡತ ಬೆನ್ನಟ್ಟಿದ ಅಭ್ಯಾಸ ಇದ್ದವರಿಗೆ ಈ ಕೆಲಸ ಒಗ್ಗುತ್ತದೆ ಅಂತ ನಾನು ನಂಬಿದ್ದೇನೆ. ಆ ಕಾರಣಕ್ಕೆ ರಾಜ್ಯದ ಸದನದಲ್ಲಿ ಪಳಗಿದವರು ದಿಲ್ಲಿಗೆ ಹೋಗಬೇಕು.

ನಿವೃತ್ತ ಬ್ಯಾಂಕಿನವ, ಕೊಡಿಯಾಲ್‌ಬೈಲ್

ಸುರತ್ಕಲ್‌ನವರು ಹೇಳಿದ್ದಕ್ಕೆ ನನ್ನ ಹೊಟ್ಟೆಯ ಸಂಕಟ ಸೇರಿಸುತ್ತೇನೆ. 1906ರಲ್ಲಿ ಉಡುಪಿಯಲ್ಲಿ ಹುಟ್ಟಿದ ಕಾರ್ಪೊರೇಶನ್ ಬ್ಯಾಂಕ್, 1925ರಲ್ಲಿ ಉಡುಪಿಯಲ್ಲೇ ಹುಟ್ಟಿದ ಸಿಂಡಿಕೇಟ್ ಬ್ಯಾಂಕ್, 1931ರಲ್ಲಿ ಮಂಗಳೂರಿನಲ್ಲಿ ಹುಟ್ಟಿದ ವಿಜಯಾ ಬ್ಯಾಂಕ್. 2019ರ ಏಪ್ರಿಲ್ 1ಕ್ಕೆ ವಿಜಯಾ ಬೇರೆ ಬ್ಯಾಂಕಿನಲ್ಲಿ ವಿಲೀನವಾಗಿ ಹೋಯಿತು, 2020ರ ಏಪ್ರಿಲ್ 1ಕ್ಕೆ ಉಳಿದೆರಡೂ ಹೋದವು. ಒಂದು ವರ್ಷದೊಳಗೆ ಮೂರು ಹೆಸರು ಅಳಿಸಿಹೋದವು. ಇದು ಪೂರ್ತಿ ದಿಲ್ಲಿಯ ತೀರ್ಮಾನ. ಎಂಎಲ್‌ಎ ಕೈಯಲ್ಲಿ ಏನೂ ಇಲ್ಲ. ಆಗ ಯಾರು ಎಂಪಿ ಎನ್ನುವುದಕ್ಕಿಂತ, ಅಂಥ ಹೊತ್ತಿನಲ್ಲಿ ತನ್ನ ಪಕ್ಷದ ಸರ್ಕಾರಕ್ಕೂ ಎದುರು ಮಾತಾಡುವ ಧೈರ್ಯ ಯಾವ ಎಂಪಿಗಾದರೂ ಉಂಟಾ ಎಂಬುದು ನನ್ನ ಪ್ರಶ್ನೆ. ಪಕ್ಷದ ಮತದಿಂದ ಗೆದ್ದವರು ಪಕ್ಷಕ್ಕೆ ಎದುರಾಡುವುದಿಲ್ಲ. ಸ್ವಂತ ಮತ ಇದ್ದವರು ಆಡಬಹುದು. ಸಾಲಿಗ್ರಾಮದವರ ಚಿಂತೆ ನನಗೆ ಅರ್ಥ ಆಗುವುದು ಇಲ್ಲಿ.

ಕಾರ್ಕಳ ಪೇಟೆ

ಎದುರಾಡಿದವರು ಇದ್ದಾರೆ ಸರ್, ಅದಕ್ಕೆ ಏನಾಯಿತು ಎನ್ನುವುದೂ ಗೊತ್ತುಂಟು. ಮನೋರಮಾ ಮಧ್ವರಾಜ್ ಉಡುಪಿಯ ಎಂಎಲ್‌ಎ ಆಗಿ, ಮಂತ್ರಿಯಾಗಿ ಕಾಂಗ್ರೆಸ್‌ನಲ್ಲಿ ಬೆಳೆದವರು. 2004ರಲ್ಲಿ ಬಿಜೆಪಿಯಿಂದ ಎಂಪಿಯಾದರು. 2008ರ ಜುಲೈ 22ರಂದು ಮನಮೋಹನ್ ಸಿಂಗ್ ಸರ್ಕಾರದ ವಿಶ್ವಾಸ ಮತದ ದಿನ ಪಕ್ಷದ ವಿಪ್ (ಹೀಗೇ ಮತ ಹಾಕಬೇಕೆಂಬ ಆದೇಶ) ಇದ್ದರೂ ಸದನಕ್ಕೆ ಗೈರಾದರು. ಅಲ್ಲಿಗೆ ಆ ಪಕ್ಷದಲ್ಲಿ ಅವರ ದಾರಿ ಮುಗಿಯಿತು, ಕಾಂಗ್ರೆಸ್‌ಗೆ ವಾಪಸ್ ಹೋದರು. ವಿಪ್ ಮೀರಿದರೆ ಸ್ಥಾನ ಹೋಗುತ್ತದೆ ಎಂಬ ಕಾನೂನು ಇರುವಾಗ ಸ್ವಂತ ಮತ ಎಷ್ಟಿದ್ದರೂ ಮತದಾನದ ಹೊತ್ತಿಗೆ ಬಾಯಿ ಕಟ್ಟುತ್ತದೆ.

ಇನ್ನೊಂದು ಮಾತು. ಹೆಗ್ಡೆಯವರು ಜನತಾ ದಳ, ಪಕ್ಷೇತರ, ಕಾಂಗ್ರೆಸ್, 2017ರಲ್ಲಿ ಬಿಜೆಪಿ, 2024ರಲ್ಲಿ ಮತ್ತೆ ಕಾಂಗ್ರೆಸ್. ಬಿಜೆಪಿ ಸರ್ಕಾರದಲ್ಲಿ 2020ರಲ್ಲಿ ಹಿಂದುಳಿದ ವರ್ಗಗಳ ಆಯೋಗದ ಅಧ್ಯಕ್ಷರಾದರು, 2024ರ ಫೆಬ್ರವರಿ ಕೊನೆಯಲ್ಲಿ ಸಿದ್ದರಾಮಯ್ಯನವರಿಗೆ ವರದಿ ಕೊಟ್ಟರು, ಮುಂದಿನ ತಿಂಗಳೇ ಅಭ್ಯರ್ಥಿ. ಅವರ ಬಗ್ಗೆ ನನಗೆ ಗೌರವ ಉಂಟು. ಆದರೆ ಇದನ್ನು ಮತದಾರರು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ ಅಂತ ಹೇಳಬೇಡಿ.

ಮೊದಲ ಮತ 2024

ನಾನು ಕಾಪು ಕ್ಷೇತ್ರದವಳು, ಕಾಲೇಜಲ್ಲಿ ಓದುತ್ತಿದ್ದೇನೆ. ಹಿರಿಯರೆಲ್ಲ ಬರೆದದ್ದು ಓದಿದೆ. ನಾನು ಲೋಕಸಭೆಗೆ ಮತ ಹಾಕುವಾಗ ಪ್ರಧಾನಿಯನ್ನು ಯೋಚಿಸಿಯೇ ಹಾಕಿದೆ. ನಮ್ಮ ಸಂವಿಧಾನದಲ್ಲಿ ಪ್ರಧಾನಿಯನ್ನು ಆರಿಸಲು ನನಗೆ ಬೇರೆ ದಾರಿ ಇಲ್ಲವಲ್ಲ? ಎಂಪಿ ಮೂಲಕವೇ ಆಗಬೇಕು. ಅದನ್ನು ತಪ್ಪು ಅಂತ ಹೇಳಿದರೆ ಬೇಸರ ಆಗುತ್ತದೆ. ಆದರೆ ಅಭ್ಯರ್ಥಿಗಳ ಹಿಂದಿನ ಕೆಲಸ ನನಗೆ ಯಾರೂ ಹೇಳಲಿಲ್ಲ. ಉಡುಪಿ ಜಿಲ್ಲೆ ಆದದ್ದರ ಹಿಂದೆ ಯಾರಿದ್ದರು ಅಂತ ಇವತ್ತು ಇಲ್ಲಿ ಓದಿ ತಿಳಿಯಿತು. ನಾನು ಹುಟ್ಟುವ ಮೊದಲೇ ಜಿಲ್ಲೆ ಆಗಿತ್ತು.

ಸಾಲಿಗ್ರಾಮದವ

ತಂಗಿ, ನಿನ್ನ ಮತ ತಪ್ಪು ಅಂತ ಯಾರೂ ಹೇಳುವ ಹಾಗಿಲ್ಲ, ನಾನಂತೂ ಹೇಳುವುದಿಲ್ಲ. ನನ್ನ ಬೇಸರ ಪಕ್ಷಗಳ ಮೇಲೆ. ಮೂವತ್ತು ವರ್ಷ ರಾಜಕೀಯ ಮಾಡಿದವರನ್ನು ನಿಲ್ಲಿಸಿ, ಆ ಮೂವತ್ತು ವರ್ಷದಲ್ಲಿ ಏನು ಮಾಡಿದರು ಅಂತ ಮನೆ ಮನೆಗೆ ಹೇಳದೆ, ಮೇಲಿನ ನಾಯಕರ ಫೋಟೊ ಇರುವ ಕರಪತ್ರ ಕೊಟ್ಟು ಹೋಗುತ್ತಾರೆ. ಎರಡೂ ಪಕ್ಷದವರು ಹೀಗೆಯೇ ಮಾಡುತ್ತಾರೆ. ಕೋಟ ಅವರ ಪಂಚಾಯತ್ ದಿನಗಳ ಬಗ್ಗೆ ಸುಮಕ್ಕ ಬರೆದಷ್ಟು ಕೂಡ ಅವರ ಪಕ್ಷದ ಕರಪತ್ರದಲ್ಲಿ ನಾನು ಓದಲಿಲ್ಲ.

ಕಾರ್ಕಳದವರು 2009ರ ಬಗ್ಗೆ ಹೇಳಿದ್ದು ನನಗೆ ಹೊಸ ಯೋಚನೆ. ಗೆಲುವಿಗಿಂತ ಆ ಸೋಲಿನಲ್ಲೇ ಅವರ ಹೆಸರಿನ ಮತ ಜಾಸ್ತಿ ಇತ್ತೋ ಏನೋ. ಬೂತ್‌ವಾರು ಅಂಕಿಅಂಶ ಇದ್ದವರು ಹಳೆಯ ಬ್ರಹ್ಮಾವರದ ಭಾಗವನ್ನು ಬೇರೆ ಮಾಡಿ ನೋಡಿದರೆ ಗೊತ್ತಾಗಬಹುದು.

ಕೋರ್ಟ್ ರಸ್ತೆ ವಕೀಲ

ಬೂತ್‌ವಾರು ವಿವರ ಫಾರ್ಮ್ 20ರಲ್ಲಿ ಸಿಗುತ್ತದೆ. ರಾಜ್ಯದ ಮುಖ್ಯ ಚುನಾವಣಾಧಿಕಾರಿಯ ವೆಬ್‌ಸೈಟಿನಲ್ಲಿ ಹುಡುಕಿ. ಬೂತ್ ಸಂಖ್ಯೆ ಚುನಾವಣೆಯಿಂದ ಚುನಾವಣೆಗೆ ಬದಲಾಗುತ್ತದೆ, ಹಾಗಾಗಿ ಶಾಲೆಯ ಹೆಸರು ನೋಡಿ ಹೊಂದಿಸಬೇಕು.

ಕೊಪ್ಪದಿಂದ ಮಣಿಪಾಲಕ್ಕೆ

ಅದನ್ನು ಮಾಡುವುದಾದರೆ ಶೃಂಗೇರಿ, ತರೀಕೆರೆಯದೂ ಮಾಡಿ. ಹೆಗ್ಡೆಯವರಿಗೆ 2012ರಲ್ಲಿ ಘಟ್ಟದ ಮೇಲೆ ಎಷ್ಟು ಬಿತ್ತು, ಕೆಳಗೆ ಎಷ್ಟು ಬಿತ್ತು ಅಂತ ಬೇರೆ ಬೇರೆ ಬೇಕು.

ಇನ್ನೊಂದು ವಿಷಯ. ಪುನರ್ವಿಂಗಡಣೆ ಇನ್ನೊಮ್ಮೆ ಬಂದೇ ಬರುತ್ತದೆ. ಆಗ ಆಯೋಗ ಕರಡು ಪ್ರಕಟಿಸಿ, ಆಕ್ಷೇಪ ಕರೆದು, ಬಹಿರಂಗ ಸಭೆ ಮಾಡಬೇಕು ಅಂತ ಕಾಯ್ದೆಯಲ್ಲೇ ಉಂಟು. ಬ್ರಹ್ಮಾವರ ಹೋಗುವಾಗ ಎಷ್ಟು ಜನ ಆಕ್ಷೇಪ ಕೊಟ್ಟಿದ್ದರು ಅಂತ ಗೊತ್ತಿದ್ದವರು ಇಲ್ಲಿ ಬರೆಯಿರಿ. ನಮ್ಮ ಕಡೆಯವರು ಈ ಸಲ ಸುಮ್ನೆ ಕೂರುವುದಿಲ್ಲ. ಚಿಕ್ಕಮಗಳೂರು ಜಿಲ್ಲೆಗೆ ಅದರದೇ ಲೋಕಸಭಾ ಕ್ಷೇತ್ರ ಬೇಕು ಅಂತ ಬರೆದು ಕೊಡುತ್ತೇವೆ. ನೀವು ಕರಾವಳಿಯವರು ಅದಕ್ಕೆ ಸಹಿ ಹಾಕುತ್ತೀರಾ ಅಂತ ಈಗಲೇ ಹೇಳಿ.

ಸಾಲಿಗ್ರಾಮದವ

ನಾನು ಹಾಕುತ್ತೇನೆ. ಬೈಂದೂರನ್ನು ಶಿವಮೊಗ್ಗದಿಂದ ಬಿಡಿಸಿ ಉಡುಪಿಗೆ ಸೇರಿಸಬೇಕು ಅಂತಲೂ ಅದೇ ಅರ್ಜಿಯಲ್ಲಿ ಬರೆಯಿರಿ.